ಮಾವ ಜೀಪಿನಲ್ಲಿ ತಂದ ಲೇತ್

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿಕೊಂಡರೆ ಸಿಗುವ ಸಣ್ಣ ಕಾಫಿ ತೋಟ ನಮ್ಮದು. ನಾನು ಮದುವೆಯಾಗಿ ಆ ಮನೆಗೆ ಬಂದ ಕೆಲವು ವರ್ಷಕ್ಕೆ, ತೊಂಬತ್ತರ ದಶಕದ ನಡುವಿನಲ್ಲಿ, ಮಾವ ತೋಟದ ಜವಾಬ್ದಾರಿಯನ್ನೆಲ್ಲ ನನ್ನ ಗಂಡನಿಗೆ ವಹಿಸಿಬಿಟ್ಟರು. ವಹಿಸಿದ್ದೇನೋ ಸರಿ, ಆದರೆ ಸುಮ್ಮನೆ ಕೂತು ಗೊತ್ತಿದ್ದ ಮನುಷ್ಯರಲ್ಲ ಅವರು. ಮಗ ಮರದ ಕೊಂಬೆ ಸವರಿಸಿ ಮಾಡಿಸಿದ ಮರಗಸಿಯಲ್ಲಿ ನೆರಳು ಕಡಿಮೆಯಾಯಿತು ಎನ್ನುವರು. ಅಡಿಗೆಮನೆಗೆ ಬಂದು ಒಲೆಗೆ ಸೌದೆ ಜಾಸ್ತಿಯಾಯಿತು ಎನ್ನುವರು. ಒಂದು ಬೆಳಿಗ್ಗೆ ಅವರು ಬಂದು ನಾವು ಸೌತೆಕಾಯಿ ಹೆಚ್ಚುವ ರೀತಿಯನ್ನೂ ತಿದ್ದಲು ಹೊರಟಾಗ ಅತ್ತೆಯ ತಾಳ್ಮೆ ಮುಗಿಯಿತು.

"ಏನಾದ್ರೂ ಒಂದು ಹಚ್ಚಿಕೊಳ್ಳಿ ಮಾರಾಯ್ರೇ. ನಮ್ಮನ್ನ ಬಿಟ್ಟು ಬೇರೆ ಏನಾದ್ರೂ" ಎಂದರು.

ಕೊಯ್ಲು ಮುಗಿದ ಮೇಲೆ ಪಾರ್ಚ್‌ಮೆಂಟ್ ಕಾಫಿ ಬೀಜ ಮಾರಾಟಕ್ಕೆ ಹಾಕಲು ಚಿಕ್ಕಮಗಳೂರಿಗೆ ಹೋದ ಮಾವ ಸಂಜೆ ಮರಳಿದಾಗ ಜೀಪಿನ ಹಿಂಬದಿಯಲ್ಲಿ ಗೋಣಿ ಹೊದೆಸಿದ ಉದ್ದನೆಯ ಕಬ್ಬಿಣದ ಸಾಮಾನೊಂದಿತ್ತು. ಮಂಚದ ಕಾಲು, ತೊಟ್ಟಿಲ ಕಂಬ ಕಡೆಯುತ್ತಿದ್ದ ಅಂಗಡಿಯೊಂದನ್ನು ಮುಚ್ಚುತ್ತಿದ್ದರಂತೆ. ಮಾವ ಅಲ್ಲೇ ನಿಂತು ನೋಡಿ, ಮೋಹಗೊಂಡು, ಹೊತ್ತು ತಂದಿದ್ದರು.

"ಇದೇನು ಮಾವ?" ಎಂದೆ.

"ಲೇತ್. ಮರ ಕಡೆಯೋದು."

"ಯಾರು ಕಡೀತಾರೆ?"

"ಯಾರು ಅಂದ್ರೆ? ನಾನೇ!"

ಅತ್ತೆ ಜಗಲಿಯಿಂದ ಇಳಿಯಲೂ ಇಲ್ಲ. "ಹಚ್ಚಿಕೊಳ್ಳಿ ಅಂದಿದ್ದು ಹೌದು. ಇಷ್ಟು ಭಾರದ್ದು ಅಂದಿದ್ನಾ?" ಎಂದು ಒಳಗೆ ಹೋದರು.

ಕಾಫಿ ಸ್ಟೋರಿನ ಒಂದು ಮೂಲೆ ಖಾಲಿ ಮಾಡಿಸಿ ಲೇತನ್ನು ಕೂರಿಸಿದ್ದಾಯಿತು. ಮರದ ತುಂಡನ್ನು ಎರಡು ಮೊನೆಗಳ ನಡುವೆ ಸಿಕ್ಕಿಸಿ ಮೋಟಾರು ಹಾಕಿದರೆ ತುಂಡು ಗಿರ್ರನೆ ತಿರುಗುತ್ತದೆ. ಮುಂದಿರುವ ಕಬ್ಬಿಣದ ಪಟ್ಟಿಯ ಮೇಲೆ ಉಳಿಯನ್ನು ಆನಿಸಿ ಹಿಡಿದರೆ ಮರ ಗುಂಡಗೆ ಹೆರೆದುಕೊಳ್ಳುತ್ತದೆ. ಕೇಳಲು ಇಷ್ಟೇ. ಮಾವ ಮೊದಲು ಮಾಡಹೊರಟದ್ದು ಲಟ್ಟಣಿಗೆ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ನಡುವೆ ಗುಂಡಿ. ಅದರಲ್ಲಿ ಲಟ್ಟಿಸಿದ ಚಪಾತಿ ನಕ್ಷೆಯ ಹಾಗೆ ಬರುತ್ತಿತ್ತು. ಆದರೂ ಅತ್ತೆ ಅದನ್ನೇ ಬಳಸಿದರು. ಬೈಯುತ್ತಲೇ ಬಳಸಿದರು.

ನನಗೆ ಅದರ ನಂಟು ಬೆಳೆದದ್ದು ಒಂದು ಮಫ್ಲರಿನಿಂದ. ಚಳಿಗಾಲದಲ್ಲಿ ಮಾವನ ಕುತ್ತಿಗೆಗೆ ಮಫ್ಲರ್ ಸುತ್ತದೆ ಬೆಳಗಾಗುತ್ತಿರಲಿಲ್ಲ. ಆವತ್ತು ನಾನು ಕಾಫಿ ಹಿಡಿದು ಸ್ಟೋರಿನ ಬಾಗಿಲಿಗೆ ಬರುವಾಗ ಅವರು ಬಗ್ಗಿ ಕಡೆಯುತ್ತಿದ್ದರು, ಮಫ್ಲರಿನ ತುದಿ ತಿರುಗುವ ಮರದ ಮೇಲೆ ತೂಗುತ್ತಿತ್ತು. "ಮಾವ" ಎಂದು ಕೂಗುವಷ್ಟರಲ್ಲಿ ತುದಿ ಸುತ್ತಿಕೊಂಡೇಬಿಟ್ಟಿತು. ಸ್ವಿಚ್ಚು ಬಾಗಿಲ ಪಕ್ಕದ ಗೋಡೆಯಲ್ಲಿದ್ದದ್ದೇ ಪುಣ್ಯ. ಲೋಟ ಬಿಟ್ಟು ಸ್ವಿಚ್ಚಿಗೆ ಹೊಡೆದೆ. ಮೋಟಾರು ನಿಂತಾಗ ಮಾವನ ಮೂಗಿಗೂ ಮರಕ್ಕೂ ನಡುವೆ ಒಂದು ಗೇಣೂ ಇರಲಿಲ್ಲ. ಅವರು ಬಗ್ಗಿದ ಹಾಗೇ ನಿಂತು, ಬಹಳ ಮೆತ್ತಗೆ, "ಸ್ವಲ್ಪ ಬಿಡಿಸ್ತೀಯಾ?" ಎಂದರು. ಬಿಡಿಸಿದ ಮೇಲೆ, "ಅತ್ತೆಗೆ ಹೇಳ್ಬೇಡ."

ನಾನು ಹೇಳಲಿಲ್ಲ. ಒಗೆಯುವಾಗ ಅತ್ತೆಗೇ ಹರಿದ ಮಫ್ಲರ್ ಸಿಕ್ಕಿತು. ಇಲಿ ಕಡಿದಿರಬೇಕು ಎಂದು ಮಾವ ಗೊಣಗಿದರು.

"ಆ ಇಲಿಗೆ ಕರೆಂಟ್ ಕೊಟ್ಟೋರು ಯಾರು?" ಎಂದರು ಅತ್ತೆ.

ಅವತ್ತಿನಿಂದ ಅತ್ತೆಯ ಅಪ್ಪಣೆ: ಮಾವ ಲೇತ್ ಮುಂದೆ ನಿಂತರೆ ನಾನು ಸ್ವಿಚ್ಚಿನ ಹತ್ತಿರ ನಿಲ್ಲಬೇಕು. ಮನೆಗೆಲಸ ಮುಗಿದ ಮಧ್ಯಾಹ್ನಗಳಲ್ಲಿ ಕಾವಲು ನಿಂತೆ. ನಿಂತು ನಿಂತು ನೋಡುವುದು ಅಭ್ಯಾಸವಾಯಿತು, ನೋಡಿ ನೋಡಿ ಕೈ ತುರಿಸತೊಡಗಿತು. ಒಂದು ದಿನ ಮಾವನಿಗೆ ಅದು ಗೊತ್ತಾಯಿತೇನೋ, ಉಳಿಯನ್ನು ನನ್ನ ಕಡೆ ಚಾಚಿ, "ನೀನೂ ಒಂದು ಸಲ ನೋಡು" ಎಂದು ತಾವು ಸ್ವಿಚ್ಚಿನ ಹತ್ತಿರ ಹೋದರು.

ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಮೇಲೆ ಗಂಡನ ಹಳೆಯ ಅಂಗಿ ಹಾಕಿ ಗುಂಡಿಯಿಟ್ಟುಕೊಂಡೆ. ಉಳಿ ಮರಕ್ಕೆ ತಾಗಿದ್ದೇ ತಡ, ಯಾರೋ ಆ ಕಡೆಯಿಂದ ಎಳೆದ ಹಾಗಾಯಿತು. ಉಳಿ ಕಚ್ಚಿಕೊಂಡು ಕೈಯಿಂದ ಕಿತ್ತುಹೋಯಿತು. ಮರದ ತುಂಡು ಹಾರಿ ಬಾಗಿಲು ದಾಟಿ, ಅಂಗಳದಲ್ಲಿ ಚಾಪೆಯ ಮೇಲೆ ಒಣಹಾಕಿದ್ದ ಹಲಸಿನ ಹಪ್ಪಳಗಳ ಮಧ್ಯೆ ಬಿತ್ತು. ಕಾಗೆ ಓಡಿಸುತ್ತ ಕೂತಿದ್ದ ಅತ್ತೆ ಅದನ್ನೆತ್ತಿ ತಿರುಗಿಸಿ ನೋಡಿದರು.

"ಇದನ್ನೂ ಒಣಗಿಸ್ಬೇಕಾ?"

ಹೆದರಿ ಬಿಟ್ಟುಬಿಡುತ್ತಿದ್ದೆನೇನೋ. ಆದರೆ ಮಾವ ನಗಲಿಲ್ಲ, ಬೈಯಲೂ ಇಲ್ಲ. ಊರಿಗೆಲ್ಲ ತಪ್ಪು ತೋರಿಸುವ ಮನುಷ್ಯ, "ನಂಗೂ ಹಿಂಗೇ ಆಗ್ತದೆ. ಯಾಕೆ ಅಂತ ಗೊತ್ತಿಲ್ಲ" ಎಂದರು. ಅವರ ಬಾಯಲ್ಲಿ 'ಗೊತ್ತಿಲ್ಲ' ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಹಾಗೆ ಇಬ್ಬರೂ ಗೊತ್ತಿಲ್ಲದವರಾಗಿ ಒಂದು ಮಳೆಗಾಲ ಕಳೆದೆವು. ಆಮೇಲೆ ಅತ್ತೆಯ ತಮ್ಮ ಕುದುರೆಮುಖದಿಂದ ರಜೆಗೆ ಬಂದರು. ಅಲ್ಲಿನ ಗಣಿಯ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಕೆಲಸ ಅವರದ್ದು. ಸ್ಟೋರಿಗೆ ಬಂದು, ಕೈ ಹಿಂದೆ ಕಟ್ಟಿಕೊಂಡು, ನಾವಿಬ್ಬರೂ ಸರದಿಯಲ್ಲಿ ಕಡೆಯುವುದನ್ನು ನೋಡಿದರು.

"ಭಾವ, ಮರದ್ದು ನಂಗೊತ್ತಿಲ್ಲ. ಆದ್ರೆ ಈ ಉಳಿಯಲ್ಲಿ ಬೆಣ್ಣೆನೂ ಕುಯ್ಯಕ್ಕಾಗಲ್ಲ" ಎಂದರು. ಸಾಣೆಕಲ್ಲು ತರಿಸಿ ಉಳಿಗಳನ್ನೆಲ್ಲ ಮಸೆದರು. ಉಳಿ ಆನಿಸುವ ಪಟ್ಟಿಯನ್ನು ಮರದ ಹತ್ತಿರಕ್ಕೆ ಸರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೋಡಮ್ಮ, ನೀನು ಅದನ್ನ ಚುಚ್ತಿದ್ದೀಯ. ಉಳಿಯ ಬೆನ್ನು ಮೊದಲು ಮರಕ್ಕೆ ತಾಗ್ಲಿ, ಸುಮ್ನೆ ಸವರ್ತಾ ಇರ್ಲಿ. ಆಮೇಲೆ ಹಿಡಿ ಸ್ವಲ್ಪ ಸ್ವಲ್ಪವೇ ಎತ್ತು. ಅದಾಗೇ ಕುಯ್ಯಕ್ಕೆ ಶುರು ಮಾಡ್ತದೆ" ಎಂದರು.

ಹಾಗೇ ಮಾಡಿದೆ. ಇಷ್ಟು ದಿನ ಪುಡಿಯಾಗಿ ಉದುರುತ್ತಿದ್ದ ಮರ ಉದ್ದನೆಯ ಸುರುಳಿಯಾಗಿ ನನ್ನ ಮೊಣಕೈ ಮೇಲಿಂದ ಹರಿಯಿತು. ಮಾವ ಒಂದು ಸುರುಳಿಯನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡರು.

ಮುಂದಿನ ತಿಂಗಳುಗಳಲ್ಲಿ ನಾನು ಕಲಿತದ್ದೆಲ್ಲ ಹೆಚ್ಚುಕಡಿಮೆ ನಿಲ್ಲುವುದನ್ನು. ಭುಜದಿಂದ ದೂಡಿದರೆ ಉಳಿ ಅದುರುತ್ತದೆ. ಹಿಡಿಯನ್ನು ಸೊಂಟಕ್ಕೆ ಒತ್ತಿ, ಮೊಣಕೈಯನ್ನು ಪಕ್ಕೆಗೆ ಸೇರಿಸಿ, ಕಾಲು ಅಗಲಿಸಿ, ಮೈಯೆಲ್ಲ ಒಟ್ಟಿಗೆ ವಾಲಿದರೆ ಗೆರೆ ನುಣ್ಣಗೆ ಬರುತ್ತದೆ. ಉಸಿರು ಬಿಗಿಹಿಡಿಯುವ ಚಟ ಮಾತ್ರ ಬಹಳ ದಿನ ಬಿಡಲಿಲ್ಲ. "ಉಸಿರು" ಎಂದು ಮಾವ ಹಿಂದಿನಿಂದ ನೆನಪಿಸುತ್ತಿದ್ದರು.

ತೋಟದಿಂದ ಕಿತ್ತ ಹಳೆ ರೊಬಸ್ಟಾ ಕಾಫಿ ಗಿಡದ ಬೊಡ್ಡೆಯಲ್ಲಿ ಅತ್ತೆಗೆಂದು ಮುಚ್ಚಳದ ಕುಂಕುಮದ ಭರಣಿ ಮಾಡಿದೆ. ಮರ ಇನ್ನೂ ಹಸಿ ಎಂದು ನನಗೆ ಹೊಳೆಯಲಿಲ್ಲ. ಬೇಸಿಗೆಯಲ್ಲಿ ಅದು ಅಂಡಾಕಾರಕ್ಕೆ ತಿರುಗಿ ಮುಚ್ಚಳ ತಾನಾಗಿ ಬೀಳುತ್ತಿತ್ತು, ಮಳೆ ಹಿಡಿದರೆ ಬಿಗಿದುಕೊಂಡು ತೆಗೆಯಲು ಬರುತ್ತಿರಲಿಲ್ಲ. "ಕುಂಕುಮ ಇಟ್ಕೊಳ್ಳಕ್ಕೆ ದಿನಾ ಕತ್ತಿ ಹಿಡ್ಕೊಂಡು ಕೂರ್ಬೇಕಾ?" ಎನ್ನುತ್ತಿದ್ದರು ಅತ್ತೆ. ದೇವರ ಮುಂದಿನಿಂದ ಅದನ್ನು ತೆಗೆಯಲೂ ಬಿಡಲಿಲ್ಲ. ಆಮೇಲಿಂದ ಹಸಿ ಮರ ಬಿರುಕು ಬಿಡದ ಹಾಗೆ ತುಂಡುಗಳ ಕೊನೆಗೆ ಮೇಣ ಬಳಿದು ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಲು ಬಿಟ್ಟೆವು.

ಅಷ್ಟರಲ್ಲಿ ಮಾವ ಉಳಿ ಹಿಡಿಯುವುದು ಕಡಿಮೆಯಾಗಿತ್ತು. ನಾನು ಕಡೆದದ್ದನ್ನು ಉಪ್ಪುಕಾಗದದಲ್ಲಿ ಉಜ್ಜಿ, ಜೇನುಮೇಣ ತಿಕ್ಕಿ ಹೊಳಪು ಬರಿಸುವುದೇ ಅವರಿಗೆ ಇಷ್ಟವಾಗಿತ್ತು. ಹಲಸಿನ ಮರದಲ್ಲಿ ಒಂದು ಬೋಗುಣಿ ಕಡೆದೆ, ತೆಳ್ಳಗೆ, ಅಂಚು ಸ್ವಲ್ಪ ಒಳಕ್ಕೆ ಬಾಗಿದ್ದು. ಅದನ್ನು ಕೈಗೆತ್ತಿಕೊಂಡಾಗ ಮೊದಲ ಬಾರಿಗೆ ನನಗೇ ನನ್ನ ಮೇಲೆ ನಂಬಿಕೆ ಬಂತು. ಮಾವ ತಿರುಗಿಸಿ ತಿರುಗಿಸಿ ನೋಡಿ, ಬೆರಳಿನಿಂದ ತಟ್ಟಿ, "ಅಡಿ ಇನ್ನೊಂಚೂರು ತೆಳು ಆಗ್ಬಹುದಿತ್ತು" ಎಂದರು. ಮರುದಿನ ಸ್ನೇಹಿತರಿಗೆ ತೋರಿಸಲು ಮೂಡಿಗೆರೆಗೆ ಒಯ್ದರು.

ಸಂಜೆ ಬರಿಗೈಯಲ್ಲಿ ಬಂದರು.

"ಬೋಗುಣಿ ಎಲ್ಲಿ ಮಾವ?"

ಚಪ್ಪಲಿ ಬಿಡುತ್ತ ನೆಲ ನೋಡಿದರು. "ಎಲ್ರೂ ಕೈಯಿಂದ ಕೈಗೆ ನೋಡಿದ್ರು. ಒಬ್ರಂತೂ ಕೆಳಗಿಡಲೇ ಇಲ್ಲ. ನಮ್ಮ ಸೊಸೆ ಮಾಡಿದ್ದು, ನಿಮಗೇ ಇರ್ಲಿ ಅಂದ್ಬಿಟ್ಟೆ."

ನನಗೆ ಕಣ್ಣೀರೇ ಬಂತು. "ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ?" ಎಂದು ಒಳಗೆ ಹೋದೆ. ಆ ಮನೆಯಲ್ಲಿ ಮಾವನಿಗೆ ನಾನು ಎದುರಾಡಿದ್ದು ಅದೊಂದೇ ಸಲ. ಊಟದ ಹೊತ್ತಿಗೆ ಗಂಡ, "ಹೋಗಿ ಇಸ್ಕೊಂಡು ಬರ್ಲಾ?" ಎಂದು ಕೇಳಿ ಇಬ್ಬರಿಂದಲೂ ಬೈಸಿಕೊಂಡರು.

ಬೆಳಿಗ್ಗೆ ಎದ್ದಾಗ ಮಾವ ಮನೆಯಲ್ಲಿರಲಿಲ್ಲ. ತೋಟದ ಮೇಲ್ಭಾಗದಲ್ಲಿ ಗಾಳಿಗೆ ಬಿದ್ದಿದ್ದ ಹಲಸಿನ ಮರದ ಹತ್ತಿರ ಆಳುಗಳನ್ನು ಕರೆದುಕೊಂಡು ಹೋಗಿ, ತಾವೇ ಗುರುತು ಹಾಕಿ, ಕುಯ್ಯಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹಳದಿ ಬಣ್ಣದ ಗುಂಡನೆಯ ತುಂಡುಗಳು ಸ್ಟೋರಿನ ಮುಂದೆ ಸಾಲಾಗಿ ನಿಂತವು. ಮಾವ ಪಕ್ಕದಲ್ಲಿ ಬೆವರು ಒರೆಸುತ್ತ ನಿಂತಿದ್ದರು.

"ಎಲ್ಲ ನಿಂದೇ" ಎಂದರು. "ಯಾರಿಗೂ ಕೊಡಲ್ಲ."

ನಾನು ಸಿಟ್ಟು ಉಳಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಇಬ್ಬರೂ ಕೂತು ಸಂಜೆಯವರೆಗೆ ತುಂಡುಗಳಿಗೆ ಮೇಣ ಬಳಿದೆವು.