ಗೇಣು ಕೆಳಗಿನ ಹಸಿ

ಎರೆಮಣ್ಣಿನ ಮೇಲೆ ರಸ್ತೆ ಮಾಡುವವರಿಗೆ ನೀರೇ ಯಜಮಾನ. ಪೂರ್ತಿ ಒಣಗಿದ್ದರೆ ರೋಲರ್ ಎಷ್ಟು ಓಡಿಸಿದರೂ ಮಣ್ಣು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಹಸಿ ಹೆಚ್ಚಾದರೆ ಉಬ್ಬಿ, ಕಸುವು ಕಳೆದುಕೊಂಡು, ಮೇಲಿನ ಡಾಂಬರನ್ನೂ ಕರೆದುಕೊಂಡು ಕುಸಿಯುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿ ಇಂಜಿನಿಯರ್ ಆದವನು. ಸವದತ್ತಿಯಿಂದ ರಾಮದುರ್ಗದ ಕಡೆಗೆ ನಮ್ಮ ಕೆಲಸ ನಡೆದಾಗ, ಟ್ಯಾಂಕರಿನ ಪೈಪು ಹಿಡಿದು ಮಣ್ಣಿಗೆ ನೀರು ಹೊಡೆಯುವ ಹೆಂಗಸೊಬ್ಬಳಿದ್ದಳು. ಜೋಳದ ಹಿಟ್ಟು ನಾದಿ ನಾದಿ, ನೀರಿನ ಹದ ಅವಳ ಕೈಗೇ ಗೊತ್ತಿತ್ತು.

ಮಳೆ ನಿಂತು ಎರಡನೇ ದಿನ. ಗುತ್ತಿಗೆದಾರನಿಗೆ ಅವಸರ. ನಾನು ಬಿಸಿಲಿಗೆ ಆರಿದ ಮೇಲ್ಮಣ್ಣನ್ನಷ್ಟೇ ಕೆರೆದು, ತೂಗಿ, ಬಾಣಲೆಯಲ್ಲಿ ಹುರಿದು, ಮತ್ತೆ ತೂಗಿ, ತೇವ ಸರಿಯಾಗಿದೆ ಎಂದು ಬರೆದೆ. ಅವಳು ಗೇಣುದ್ದ ಅಗೆದು ಒಂದು ಹಿಡಿ ಹಿಂಡಿದಳು. ಬೆರಳ ಸಂದಿಯಿಂದ ಕೆಸರುನೀರು ಜಿನುಗಿತು.

"ಕೆಳಗ ಇನ್ನೂ ಹಸಿ ಐತ್ರಿ ಸಾಹೇಬ್ರ. ನಾಕ ದಿನ ಆರಲಿ ಬಿಡ್ರಿ."

ಎಲ್ಲರೂ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. "ರೊಟ್ಟಿ ಬಡಿಯಾಕಿ ನೀ, ನನಗ ಪಾಠ ಹೇಳ್ತೀಯೇನ? ನಾಳಿಂದ ಮನ್ಯಾಗ ಕುಂತು ರೊಟ್ಟೀನ ಬಡಿ," ಎಂದೆ. ಆಳುಗಳು ನಕ್ಕರು. ನಾನೂ ನಕ್ಕೆ. ಅವತ್ತೇ ರೋಲರ್ ಹೊಡೆಸಿ, ಮೇಲೆ ಡಾಂಬರು ಹಾಕಿಸಿದೆ.

ಕಬ್ಬಿನ ಹಂಗಾಮು ಬಂತು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಓಡಾಡಿ, ತಿಂಗಳೊಳಗೆ ಅದೇ ಜಾಗ ಮೊಣಕಾಲುದ್ದ ಕುಸಿಯಿತು. ವಿಚಾರಣೆಗೆ ಬಂದ ಮೇಲಿನವರಿಗೆ, ಹೆಣ್ಣಾಳು ಬೇಕಾದ್ದಕ್ಕಿಂತ ಹೆಚ್ಚು ನೀರು ಹೊಡೆದಿದ್ದಾಳೆ ಎಂದು ಬರೆದುಕೊಟ್ಟೆ. ಮಳೆ ಬಿದ್ದ ಮಣ್ಣಿಗೆ ಯಾರು ನೀರು ಹೊಡೆಯುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. ಆಮೇಲೆ ಆ ಕಡೆಯ ಯಾವ ಗುತ್ತಿಗೆದಾರನೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ಅವಳ ಮನೆ ಆ ಕೂಲಿಯ ಮೇಲೇ ನಡೆಯುತ್ತಿತ್ತು, ಅದೂ ನನಗೆ ಗೊತ್ತಿತ್ತು.

ಮರುವರ್ಷ ಮಳೆಗಾಲ ಮುಗಿದೊಡನೆ ಆ ಕುಸಿದ ರಸ್ತೆಯನ್ನು ಅಗೆದು ಮತ್ತೆ ಮಾಡಿಸಲು ನನ್ನನ್ನೇ ಕಳಿಸಿದರು. ಈ ಸಲ ತಪ್ಪಿದರೆ ನೌಕರಿ ಹೋಗುತ್ತಿತ್ತು. ಬಾಣಲೆಯ ಮೇಲೆ ನನಗೇ ನಂಬಿಕೆ ಉಳಿದಿರಲಿಲ್ಲ. ನಾಚಿಕೆ ಬಿಟ್ಟು ಅವಳಿಗೆ ಹೇಳಿಕಳಿಸಿದೆ. ಬಂದಳು. ತುಂಬ ಸೊರಗಿದ್ದಳು.

"ನೋಡವ್ವ, ರೋಲರ್ ಹೊಡಸಬೋದೇನ?" ಎಂದೆ. ಅವಳನ್ನು ಅವ್ವ ಎಂದು ಕರೆದದ್ದು ಅದೇ ಮೊದಲು.

ಅವಳು ಗೇಣುದ್ದ ಅಗೆದು, ಹಿಡಿ ಮಣ್ಣನ್ನು ಬಿಗಿಯಾಗಿ ಹಿಂಡಿದಳು. ನೀರು ಮಣಿಕಟ್ಟಿನವರೆಗೆ ಇಳಿಯಿತು. ನನ್ನ ಮುಖವನ್ನೇ ನೋಡುತ್ತ ಹೇಳಿದಳು:

"ಒಣಗೇತ್ರಿ ಸಾಹೇಬ್ರ. ಹೊಡಸ್ರಿ. ಕುಸದರ, ನೀರ ಹೆಚ್ಚ ಹೊಡದಾಕಿ ನಾನ ಅಂತ ಮತ್ತ ಬರಕೋರಿ."

ಆ ಹಸಿ ಮುದ್ದೆಯನ್ನು ನನ್ನ ಅಂಗೈಯಲ್ಲಿಟ್ಟು ಹೋದಳು.