ಹಿಂದಿನ ಹಲಗೆಯ ಅಳತೆ

ಯಡೂರಿನ ಹೊಳೆಯಲ್ಲಿ ನನ್ನ ತಮ್ಮ ದೋಣಿಯಲ್ಲಿ ಹೋಗಿ ಮೀನಿಗೆ ಬಲೆ ಹಾಕುತ್ತಿದ್ದ. ನಾನು ದಂಡೆಯ ಮೇಲೆ ಕಬ್ಬಿನವರ ಪಂಪ್‌ಸೆಟ್ ನೋಡಿಕೊಳ್ಳುತ್ತಿದ್ದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹುಟ್ಟು ಹಾಕಿ ಹಾಕಿ ಅವನ ಬಲಭುಜ ಸೋತಿತ್ತು. ಮಳೆಗಾಲದ ಹೊಸ ನೀರು ಬಂದರೆ ಸೆಳವಿಗೆ ಎದುರು ಹೋಗಲು ಆಗುತ್ತಿರಲಿಲ್ಲ. ದೋಣಿಗೆ ಒಂದು ಮೋಟರ್ ಕೂಡಿಸಬೇಕೆಂದ. ಎಂಜಿನ್ನಿನ ವಿಷಯ ಅಣ್ಣನಿಗೆ ಗೊತ್ತು ಎಂಬುದು ಅವನ ನಂಬಿಕೆ. ನನ್ನ ನಂಬಿಕೆಯೂ ಅದೇ.

ನಿಪ್ಪಾಣಿಯಲ್ಲಿ ಒಬ್ಬರು ಕೊಂಕಣದ ಕಡೆಯಿಂದ ದೋಣಿ ಮೋಟರ್ ತರಿಸಿ ಕೊಡುತ್ತಿದ್ದರು. ಇಬ್ಬರೂ ಹೋದೆವು.

"ದೋಣಿ ಎಷ್ಟ ಉದ್ದ ಐತ್ರಿ? ಹಿಂದಿನ ಹಲಗಿ ಎಷ್ಟ ದಪ್ಪ?" ಎಂದು ಅಂಗಡಿಯವರು ಕೇಳಿದರು.

ನಾನು ಹೊಳೆಯ ಅಗಲ ಹೇಳಿದೆ, ಸೆಳವು ಹೇಳಿದೆ. ಪಂಪು ಕೊಳ್ಳುವಾಗ ನಾವು ಹೇಳುವುದೇ ಹಾಗೆ: ನೀರು ಎಷ್ಟು ಎತ್ತರ ಏರಬೇಕು, ಎಷ್ಟು ದೂರ ಹೋಗಬೇಕು. ದೂರ ಹೆಚ್ಚಾದರೆ ಎಚ್‌ಪಿಯೂ ಹೆಚ್ಚು.

"ಹೊಳಿ ಇರ್ಲಿ ಬಿಡ್ರಿ ಪಾವಣೇರ, ನಾ ದೋಣಿ ಕೇಳಾಕತ್ತೇನಿ. ಮೋಟರಿನ ಭಾರ ಹೊರೂದು ಆ ಹಲಗಿ ಅಲ್ರಿ?"

ತಮ್ಮ ಮೂರು ಎಚ್‌ಪಿಯದನ್ನು ಹೆಗಲಿಗೆ ಎತ್ತಿ ನೋಡಿದ. "ಅಣ್ಣಾ, ಇದ ಸಾಕಲ್ಲ? ನಾ ಒಬ್ಬನ ಹೊತ್ಕೊಂಡ ಮನಿಗೆ ತರ್ತೇನಿ."

"ಸುಮ್ನಿರಲೇ. ಹೊಸ ನೀರಾಗ ಇದು ನೊಣ ಇದ್ದಂಗ. ಹತ್ತ ಎಚ್‌ಪಿದ್ದ ಇರ್ಲಿ."

"ದೋಣಿ ನಡಸಾಕೋ, ಅಷ್ಟ ದೂರದ ಅಲಖನೂರ ಕಬ್ಬಿಗೆ ನೀರ ಏರ್ಸಾಕೋ?" ಎಂದು ನಕ್ಕ. ಆದರೆ ಹಿರಿಯನ ಮಾತು ಮೀರಲಿಲ್ಲ.

ಹತ್ತರದ್ದೇ ತಂದೆವು. ಅದನ್ನು ಬಿಗಿದರೆ ದೋಣಿಯ ಹಿಂಭಾಗ ನೀರಿಗೆ ಕೂತು ಮೂತಿ ಮೇಲೇಳುತ್ತಿತ್ತು. ಅವನು ಮುಂದುಗಡೆ ಒಂದು ಉಸುಕಿನ ಚೀಲ ಇಟ್ಟುಕೊಂಡ. "ನಿನ್ನ ಮೋಟರಿಗೆ ಇವನ ಜೋಡಿ ನೋಡ," ಎಂದು ಚೀಲ ತಟ್ಟುತ್ತಿದ್ದ. ನಾನು ಅದನ್ನು ತಮಾಷೆ ಎಂದುಕೊಂಡೆ.

ಆ ವರ್ಷದ ಮೊದಲ ಹೊಸ ನೀರು. ಮಧ್ಯಾಹ್ನ. ನಾನು ದಂಡೆಯ ಮೇಲಿದ್ದೆ. ಅವನು ಬಲೆಯ ಹತ್ತಿರ ಬಂದು ವೇಗ ಒಮ್ಮೆಲೇ ಇಳಿಸಿದ. ದೋಣಿಯ ಹಿಂದೆ ಎದ್ದಿದ್ದ ಅಲೆ ಬಂದು ಹಲಗೆ ದಾಟಿತು. ಇನ್ನೊಂದು ಬಂತು. ಮೋಟರಿನ ಕಡೆಯಿಂದಲೇ ದೋಣಿ ಮುಳುಗಿತು. ಈಜು ಬಲ್ಲವನು, ಬರುತ್ತಾನೆ ಎಂದು ಕಾದೆ. ಕಾಲಿಗೆ ಬಲೆ ಸುತ್ತಿತ್ತೆಂದು ತಿಳಿದದ್ದು ಮೂರನೆಯ ದಿನ, ಅವನು ಸಿಕ್ಕಾಗ.

ದೋಣಿಯನ್ನೂ ಎಳೆದು ತಂದರು. "ಮೋಟರಿಗೆ ಏನೂ ಆಗಿಲ್ರಿ, ಒಣಗಿಸಿದ್ರ ಚಾಲೂ ಆಗ್ತೈತಿ," ಎಂದು ಯಾರೋ ನನಗೆ ಸಮಾಧಾನ ಹೇಳಿದರು.

ತಮ್ಮನ ದಿನಕರ್ಮ ಮುಗಿದ ಮೇಲೆ ಒಬ್ಬನೇ ಹೋಗಿ ದೋಣಿ ಅಳೆದೆ. ಉದ್ದ ಒಂಬತ್ತು ಮೊಳ. ಹಿಂದಿನ ಹಲಗೆ ಎರಡು ಬೆರಳು ದಪ್ಪ. ಅಳೆಯಲು ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ.