ಹಡಗಿನ ಬಾಗಿಲಿನಿಂದ ಮನೆಯ ಹೊಸ್ತಿಲಿಗೆ

ಟಿಕೀಟಿನ ಕಾಕಾ ಅವರ ಬಲಗೈಯ ತೋರುಬೆರಳು ಮೇಲಿನ ಗೆಣ್ಣಿನಲ್ಲಿ ಎಡಕ್ಕೆ ವಾಲಿತ್ತು. ಎಂದೋ ಬಸ್ಸಿನ ಬಾಗಿಲಿಗೆ ಸಿಕ್ಕಿ ಮುರಿದದ್ದು ಹಾಗೆಯೇ ಕೂಡಿಕೊಂಡಿತ್ತಂತೆ. ಮೇಜಿನ ಗಾಜಿನ ಅಡಿಯಲ್ಲಿ ಹಾಸಿದ್ದ ನಕಾಶೆಯ ಮೇಲೆ ಆ ಬೆರಳನ್ನು ಊರಿ ಅವರು “ಇದು ಸೋಲಾಪುರ” ಎಂದರೆ ಬೆರಳಿನ ತುದಿ ಸಾತಾರೆಯ ಕಡೆಗೆ ಹೊರಳಿರುತ್ತಿತ್ತು. ನೋಡುವವರು ಬೆರಳನ್ನು ಬಿಟ್ಟು ಮಾತನ್ನು ನಂಬಬೇಕಾಗುತ್ತಿತ್ತು.

ಬೆಟಗೇರಿಯ ಬಸ್ ನಿಲ್ದಾಣದ ಹತ್ತಿರ, ಎರಡು ಹೊಲಿಗೆ ಅಂಗಡಿಗಳ ನಡುವೆ ಇಕ್ಕಟ್ಟಾಗಿ ನಿಂತಿದ್ದ ಒಂದು ಖೋಲಿಯೇ ಅವರ ಕಚೇರಿ. ರೈಲು, ಬಸ್ಸು, ವಿಮಾನ, ತಂಗುವ ಹೋಟೆಲು ಎಲ್ಲವನ್ನೂ ಅಲ್ಲಿಯೇ ಕುಳಿತು ಗೊತ್ತುಮಾಡಿಕೊಡುತ್ತಿದ್ದರು. ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿಗಳ ಜನರೂ ದೂರದ ಪ್ರಯಾಣಕ್ಕೆ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ನಾವೆಲ್ಲ ಮನೆ ಬಿಡುವ ಗಳಿಗೆಯಿಂದ ಮುಂದಕ್ಕೆ ಯೋಚಿಸುತ್ತೇವೆ. ಅವರು ಹಾಗಲ್ಲ. ತಪ್ಪಿಸಿಕೊಳ್ಳಬಾರದ ಕೊನೆಯ ಗಳಿಗೆಯನ್ನು ಹಾಳೆಯ ನೆತ್ತಿಯಲ್ಲಿ ಬರೆದು, ಅಲ್ಲಿಂದ ಒಂದೊಂದೇ ಸಾಲು ಹಿಂದಕ್ಕೆ ಇಳಿಯುತ್ತ, ಹಾಳೆಯ ತಳದಲ್ಲಿ ಗಿರಾಕಿಯ ಹೊಸ್ತಿಲನ್ನು ಮುಟ್ಟುತ್ತಿದ್ದರು. “ಹಿಂದ್ಲಿಂದ ಬರ್ರಿ” ಎಂಬುದು ಅವರ ಬಾಯಿಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುತ್ತಿದ್ದ ಮಾತು.

ಒಮ್ಮೆ ಅಸುಂಡಿಯ ರೈತರೊಬ್ಬರು ಅವರೆದುರು ವಾದಕ್ಕೆ ನಿಂತಿದ್ದರು. “ರೈಲು ಏಳಕ್ಕ ಐತಿ ಕಾಕಾ. ಆರಕ್ಕ ಊರು ಬಿಟ್ರ ಆತಲ್ಲ?”

“ದಾರ್ಯಾಗ ಟ್ರ್ಯಾಕ್ಟರ್ ಅಡ್ಡ ಬಂದ್ರ?”

“ನಮ್ಮೂರಾಗ ಆ ಹೊತ್ತಿಗೆ ಓಡಾಡೂದು ನಂದ ಟ್ರ್ಯಾಕ್ಟರ್. ಅದ್ಯಾಕ ಅಡ್ಡ ಬರ್ತೈತಿ?”

“ಹಂಗಂದ್ರ ನಿಮ್ಮ ತಮ್ಮಂದು ಬರ್ತೈತಿ. ಐದಕ್ಕ ಬಿಡ್ರಿ.”

ಅಣ್ಣತಮ್ಮಂದಿರ ಮನಸ್ತಾಪ ಊರಿಗೆಲ್ಲ ಗೊತ್ತಿದ್ದ ಸಂಗತಿ. ರೈತರು ನಕ್ಕು, ಐದಕ್ಕೇ ಒಪ್ಪಿಕೊಂಡು ಹೋದರು.

ನಾನು ಅವರ ಬಳಿಗೆ ಹೋದದ್ದು ನನ್ನ ಅಕ್ಕನ ಸಲುವಾಗಿ. ತಂದೆತಾಯಿ ಬೇಗ ತೀರಿಕೊಂಡ ಮೇಲೆ ನನ್ನನ್ನು ಓದಿಸಿ ಶಾಲಾಮಾಸ್ತರನನ್ನಾಗಿ ಮಾಡಿದವಳು ಅವಳು. ಕುಣಿಮಗ್ಗದಲ್ಲಿ ಕುಳಿತು ಸೀರೆ ನೇಯ್ದು ಮಾಡಿದ ಕೆಲಸ ಅದು. ಎರಡು ವರ್ಷಗಳ ಹಿಂದೆ ಅವಳು ತಾನಾಗಿಯೇ ಮಗ್ಗದಿಂದ ಎದ್ದಳು. ಲಾಳಿ ನಡುವೆ ಇದ್ದಾಗ ಕಾಣುತ್ತಿತ್ತು, ಅಂಚಿಗೆ ಹೋದೊಡನೆ ಮಾಯವಾಗುತ್ತಿತ್ತು. ಕಣ್ಣಿನೊಳಗಿನ ಒತ್ತಡದಿಂದ ನೋಟ ಸುತ್ತಲಿಂದ ಕಿರಿದಾಗುತ್ತ ಬರುವ ಕಾಯಿಲೆ ಅದು. ಹೋದದ್ದು ಮರಳಿ ಬಾರದು, ಉಳಿದದ್ದು ಎಷ್ಟು ದಿನ ಎಂದು ಹೇಳಲಾಗದು ಎಂದು ಹುಬ್ಬಳ್ಳಿಯ ವೈದ್ಯರು ತಿಳಿಸಿದರು.

ಅಕ್ಕನ ಗಂಡ ಬಹಳ ವರ್ಷ ಮುಂಬೈ ಬಂದರಿನಲ್ಲಿ ಹಡಗುಗಳಿಗೆ ಸರಕು ಏರಿಸುವ ಕೆಲಸದಲ್ಲಿದ್ದರು. ಊರಿಗೆ ಬಂದಾಗಲೆಲ್ಲ, ಹಡಗಿನೊಳಗೆ ಓಣಿಗಳಿರುತ್ತವೆ, ಮೂರು ಮಾಳಿಗೆ ಇರುತ್ತದೆ, ಒಮ್ಮೆ ನಿನ್ನನ್ನು ಕೂಡಿಸಿಕೊಂಡು ಹೋಗುತ್ತೇನೆ ಎನ್ನುತ್ತಿದ್ದರು. ಕರೆದೊಯ್ಯುವ ಮೊದಲೇ ತೀರಿಹೋದರು. ವೈದ್ಯರ ಮಾತು ಕೇಳಿ ಮನೆಗೆ ಬಂದ ದಿನ ಅಕ್ಕ ಅಳಲಿಲ್ಲ.

“ಕಣ್ಣ ಪೂರ್ತಿ ಹೋಗೂದ್ರಾಗ ಒಮ್ಮೆ ಹಡಗದಾಗ ಕುಂಡರಬೇಕಲೇ ತಮ್ಮಾ” ಎಂದಳು. “ನಿಮ್ಮ ಮಾವಾರು ಹೇಳಿದ್ದು ಖರೆ ಏನು ಸುಳ್ಳ ಏನು ನೋಡಬೇಕು.”

ಮುಂಬೈಯಿಂದ ಹೊರಟು ಗೋವೆಯ ಕಡೆ ಹೋಗಿ ಮರಳುವ ಪ್ರವಾಸಿ ಹಡಗೊಂದರಲ್ಲಿ ನಾನು ಎರಡು ಸ್ಥಳಗಳನ್ನು ಕಾಯ್ದಿರಿಸಿದೆ. ಉಳಿದ ವ್ಯವಸ್ಥೆಗೆ ಕಾಕಾ ಅವರ ಮುಂದೆ ಕುಳಿತಾಗ ನನ್ನ ಯೋಜನೆ ಸಿದ್ಧವಾಗಿತ್ತು. ಗದಗಿನಿಂದ ಹೊರಡುವ ರೈಲು ಮರುದಿನ ಬೆಳಿಗ್ಗೆ ಮುಂಬೈ ಮುಟ್ಟುತ್ತದೆ, ಹಡಗಿನ ಬಾಗಿಲು ನಾಲ್ಕಕ್ಕೆ ಮುಚ್ಚುತ್ತದೆ, ನಡುವೆ ಐದಾರು ತಾಸು ದಂಡಿಯಾಗಿ ಉಳಿಯುತ್ತದೆ. ಅವರು ಹಾಳೆಯನ್ನು ನನ್ನ ಕಡೆಗೆ ಮರಳಿ ಸರಿಸಿದರು.

“ಒಂದ ದಿನಾ ಮೊದಲ ಹೋಗ್ರಿ ಮಾಸ್ತರ. ಬಂದರದ ಬಾಜೂ ಹೋಟೆಲಿನ್ಯಾಗ ವಸ್ತಿ ಮಾಡ್ರಿ.”

“ಯಾತಕ್ಕ? ಐದ ತಾಸ ಸಾಲೂದಿಲ್ಲೇನು?”

“ಬಸ್ಸ ತಪ್ಪಿದ್ರ ಇನ್ನೊಂದ ಬಸ್ಸ ಐತಿ. ಹಡಗ ಹೋದಮ್ಯಾಲ ದಂಡಿಗೆ ನಿಂತು ಕೈ ಮಾಡಿದ್ರ ನಿಲ್ಲಸ್ತಾರೇನ್ರಿ?”

ಹೋಟೆಲಿನಿಂದ ಅವರಿಗೆ ಏನಾದರೂ ದೊರೆಯುತ್ತಿರಬೇಕೆಂದು ನಾನು ಶಂಕಿಸಿದೆ. ಆ ಶಂಕೆ ನನ್ನ ಮುಖದಲ್ಲಿ ಕಂಡಿರಬೇಕು. ಅವರು ಫೋನನ್ನು ಎತ್ತಿ, ಮುರುಕು ಹಿಂದಿಯಲ್ಲಿ ಮುಂಬೈಯ ನಾಲ್ಕು ಹೋಟೆಲುಗಳಿಗೆ ಮಾತನಾಡಿದರು. ಲಿಫ್ಟು ಇದೆಯೇ, ಇದ್ದರೆ ಅದಕ್ಕೆ ಮುಂಚೆ ಎಷ್ಟು ಮೆಟ್ಟಿಲು, ಪಾಯಖಾನೆಯ ದೀಪ ಬಾಗಿಲ ಒಳಗೋ ಹೊರಗೋ ಎಂದೆಲ್ಲ ವಿಚಾರಿಸಿದರು. ಅಕ್ಕನ ಕಣ್ಣಿನ ವಿಷಯವನ್ನು ನಾನು ಒಂದೇ ವಾಕ್ಯದಲ್ಲಿ ಹೇಳಿದ್ದೆ. ಕೊನೆಗೆ, ಬಂದರಿನ ದ್ವಾರಕ್ಕೆ ಎಷ್ಟು ದೂರ ಎಂದು ಕೇಳಿದರು. ಆ ಕಡೆಯವರು ಟ್ಯಾಕ್ಸಿಯಲ್ಲಿ ಹತ್ತು ನಿಮಿಷ ಎಂದಿರಬೇಕು. “ಟ್ಯಾಕ್ಸಿ ಛೋಡೋ” ಎಂದರು ಕಾಕಾ. “ಚಲ್ಕೆ ಕಿತನಾ?” ನಡೆದು ಹೋಗಬಹುದಾದ ಹೋಟೆಲನ್ನೇ ಗೊತ್ತುಮಾಡಿದರು.

ಹೊರಡುವ ದಿನ ಮಂಗಳವಾರಕ್ಕೆ ಬಂತು. ಮಂಗಳವಾರ ಮನೆ ಬಿಡುವುದಕ್ಕೆ ಅಕ್ಕನಿಗೆ ಮನಸ್ಸಿಲ್ಲ. ನಾನು ಸಿಟ್ಟಿಗೆದ್ದೆ. ಕಾಕಾ ಸಿಟ್ಟಿಗೇಳಲಿಲ್ಲ. “ಸೋಮವಾರ ಪ್ರಸ್ಥಾನ ಇಟ್ಟುಬಿಡ್ರಿ ಅಕ್ಕಾರ. ಮಂಗಳವಾರ ರೈಲು ಹತ್ರಿ” ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ನಮ್ಮ ಕಡೆಯ ಹಳೆಯ ರೂಢಿ ಇದು. ಹೊರಡುವ ದಿನ ಸರಿಯಿಲ್ಲದಿದ್ದರೆ, ಒಳ್ಳೆಯ ದಿನವೇ ಪ್ರಯಾಣದ ಒಂದು ಗಂಟನ್ನು ದಾರಿಯಲ್ಲಿರುವ ಬೇರೆ ಮನೆಯಲ್ಲಿ ಇಟ್ಟು ಬರುತ್ತಾರೆ. ಗಂಟು ಹೊರಬಿದ್ದಿತೆಂದರೆ ಮನುಷ್ಯ ಹೊರಬಿದ್ದ ಹಾಗೆಯೇ. ಹೊರಡುವಾಗ ಅದನ್ನು ಬಿಚ್ಚದೆ ಎತ್ತಿಕೊಂಡು ಮುಂದೆ ಹೋಗುವುದು.

ಸೋಮವಾರ ಅಕ್ಕ ಹಸಿರು ಅರಿವೆಯಲ್ಲಿ ಒಂದು ಹಿಡಿ ಅಕ್ಕಿ, ಅಡಿಕೆ, ಅರಿಸಿನದ ಕೊಂಬು, ಒಂದು ಕುಪ್ಪಸ ಇಟ್ಟು ಕಟ್ಟತೊಡಗಿದಳು. ನಾನು ಪಕ್ಕದಲ್ಲಿ ಕುಳಿತು ಸಾಮಾನುಗಳ ಯಾದಿಯನ್ನು ಅಂಕಿ ಹಾಕಿ ಬರೆಯುತ್ತಿದ್ದೆ.

“ತಮ್ಮಾ, ಆಧಾರ ಕಾರ್ಡೂ ಇದರಾಗ ಇಡತೀನಿ. ನಾ ಹೋಗಾಕ ಅದ ಬೇಕಲಾ” ಎಂದಳು.

“ಹೂಂ” ಎಂದೆ.

“ನಾಳೆ ಹೋಗೂವಾಗ ಗಂಟ ನೀನ ತಗೋ. ಸಂಜಿ ಹೊತ್ತು ನನಗ ಕಾಣಂಗಿಲ್ಲ.”

“ಹೂಂ” ಎಂದೆ. ಗಂಟನ್ನು ಅವಳು ಓಣಿಯ ತುದಿಯ ನೂಲಿನ ವ್ಯಾಪಾರಿಗಳ ಮನೆಯಲ್ಲಿ ಇಟ್ಟು ಬಂದಳು. ನನ್ನ ಯಾದಿಯಲ್ಲಿ ಹದಿನೇಳು ಸಾಮಾನುಗಳಿದ್ದವು. ಗಂಟು ಇರಲಿಲ್ಲ. ಅದನ್ನು ನಾನು ಸಾಮಾನೆಂದು ಎಣಿಸಿಯೇ ಇರಲಿಲ್ಲ.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಹೋಟೆಲಿನ ಕೌಂಟರಿನಲ್ಲಿ ಇಬ್ಬರ ಗುರುತಿನ ಚೀಟಿಗಳನ್ನೂ ಕೇಳಿದರು. ನನ್ನದನ್ನು ಕೊಟ್ಟು ಅಕ್ಕನ ಕಡೆಗೆ ತಿರುಗಿದೆ.

“ಗಂಟಿನ್ಯಾಗ ಐತಿ” ಎಂದಳು.

ಕೈಚೀಲ, ಪೆಟ್ಟಿಗೆ, ಬುತ್ತಿಯ ಡಬ್ಬಿ ಎಲ್ಲವನ್ನೂ ಬಿಚ್ಚಿದೆ. ಬಿಚ್ಚುತ್ತಿರುವಾಗಲೇ ಅದು ಅವುಗಳಲ್ಲಿ ಇಲ್ಲವೆಂದು ನನಗೆ ಗೊತ್ತಿತ್ತು. ಹಡಗಿನ ಕಚೇರಿಗೆ ಫೋನು ಮಾಡಿದರೆ, ಮೂಲ ಚೀಟಿಯೇ ಬೇಕು, ಫೋಟೋ ನಡೆಯದು ಎಂದರು. ಆಧಾರಿನ ಅಧಿಕೃತ ಪ್ರತಿಯನ್ನು ಮೊಬೈಲಿನಲ್ಲಿ ಇಳಿಸಿಕೊಳ್ಳೋಣವೆಂದರೆ, ಅದಕ್ಕೆ ಜೋಡಿಸಿದ್ದ ನಂಬರು ತೀರಿಹೋದ ಮಾವನದು. ಅವರೊಡನೆಯೇ ಅದೂ ಹೋಗಿತ್ತು. ಹೋಟೆಲಿನವರು ಕಾಕಾ ಅವರೊಡನೆ ಮಾತನಾಡಿದ ಮೇಲೆ ನಮಗೆ ಖೋಲಿಯನ್ನೇನೋ ಕೊಟ್ಟರು.

ನಾನು ಕಾಕಾ ಅವರಿಗೆ ಫೋನಿನಲ್ಲಿ ತೊದಲುತ್ತ ಎಲ್ಲವನ್ನೂ ಹೇಳಿದೆ.

“ಹಡಗ ನಾಳೆ ನಾಲ್ಕಕ್ಕ ಬಾಗಿಲಾ ಹಾಕ್ತೈತಿ. ಈಗ ಹನ್ನೆರಡು. ಇನ್ನ ಇಪ್ಪತ್ತೆಂಟ ತಾಸ ಐತಿ” ಎಂದರು. “ನೀವು ಅಕ್ಕಾರಿಗೆ ಊಟಾ ಮಾಡಸ್ರಿ.”

ಸಂಜೆ ಒಂದೇ ಪದದ ಸಂದೇಶ ಬಂತು: “ಹೊಂಟೈತಿ.” ಬಸ್ಸಿನ ಚಾಲಕರ ಕೈಯಲ್ಲಿ ಗಂಟನ್ನು ಕಳಿಸಿರಬೇಕೆಂದು ಭಾವಿಸಿದೆ.

ಗುರುವಾರ ಬೆಳಿಗ್ಗೆ ಅಕ್ಕ ತಾನೇ ನೇಯ್ದ ಸೀರೆಯನ್ನು ಉಟ್ಟು ಹಾಸಿಗೆಯ ಅಂಚಿನಲ್ಲಿ ಕುಳಿತಳು. ನಾನು ಫೋನು ಮಾಡುತ್ತ ಹೋದೆ. ಕಾಕಾ ಅವರ ನಂಬರು ಹತ್ತಲೇ ಇಲ್ಲ. ಹನ್ನೊಂದಾಯಿತು. ಹನ್ನೆರಡಾಯಿತು. ಎರಡಕ್ಕೆ ಸಾಮಾನು ಎತ್ತಿಕೊಂಡು ಬಂದರಿನ ದ್ವಾರಕ್ಕೆ ನಡೆದು, ಹೊರಗಿನ ಕಟ್ಟೆಯ ಮೇಲೆ ಕುಳಿತೆವು. ಗೋಡೆಯಾಚೆ ಹಡಗಿನ ಮೇಲ್ಭಾಗ ಮಾತ್ರ, ಬಿಳಿಯ ಕಟ್ಟಡದಂತೆ, ಕಾಣುತ್ತಿತ್ತು. ಜನ ಪೆಟ್ಟಿಗೆಗಳನ್ನು ಉರುಳಿಸುತ್ತ ಒಳಗೆ ಹೋಗುತ್ತಿದ್ದರು.

“ನೀನರ ಹೋಗ್ಬಾ” ಎಂದಳು ಅಕ್ಕ. “ಓಣಿ ಅದಾವೇನು ನೋಡಿ ಬಂದ ಹೇಳು.”

“ಸುಮ್ನ ಕುಂಡ್ರು” ಎಂದೆ. ನನ್ನ ಧ್ವನಿ ಒರಟಾಗಿತ್ತು. ಅವಳು ತಲೆಯನ್ನು ಪೂರ್ತಿ ಹೊರಳಿಸಿ ನನ್ನ ಮುಖವನ್ನು ನೋಡಿ, ಮತ್ತೆ ಗೋಡೆಯ ಕಡೆಗೆ ತಿರುಗಿದಳು.

ಮೂರು ದಾಟಿತು. ಕಾವಲಿನವನು ಬಂದು, ಹೋಗುವವರಾದರೆ ಹೋಗಿ ಎಂದು ಹಿಂದಿಯಲ್ಲಿ ಎಚ್ಚರಿಸಿದ. ಒಳಗೆ ಹೋಗುವವರ ಸಾಲು ತೆಳ್ಳಗಾಗಿ, ಕೊನೆಗೆ ಯಾರೂ ಉಳಿಯಲಿಲ್ಲ. ಮೂರೂ ಇಪ್ಪತ್ತಾಗಿತ್ತು. ರೈಲು ನಿಲ್ದಾಣದ ಕಡೆಯ ರಸ್ತೆಯಲ್ಲಿ ಬಿಳಿಯ ಟೋಪಿಯ ವಯಸ್ಸಾದ ಮನುಷ್ಯರೊಬ್ಬರು, ಏನನ್ನೋ ಎರಡೂ ಕೈಗಳಿಂದ ಎದೆಗೆ ಅವಚಿಕೊಂಡು, ಓಡಲಾರದೆ ಓಡುವವರಂತೆ ಬರುತ್ತಿದ್ದರು. ಹಸಿರು ಅರಿವೆ ಕಂಡ ಮೇಲೆಯೇ ಅವರು ಕಾಕಾ ಎಂದು ನನಗೆ ಹೊಳೆದದ್ದು.

ಅವರು ನನ್ನನ್ನು ದಾಟಿ ಅಕ್ಕನ ಎದುರಿಗೆ, ಅವಳಿಗೆ ಕಾಣುವಂತೆ ನೇರವಾಗಿ, ಹೋಗಿ ನಿಂತರು.

“ನಿಮ್ಮ ಪ್ರಸ್ಥಾನ, ಅಕ್ಕಾರ. ಬಿಚ್ಚಿಲ್ಲ” ಎಂದರು.

ಅಕ್ಕ ಗಂಟು ಬಿಚ್ಚುವಷ್ಟರಲ್ಲಿ ಅವರು ಉಸಿರು ಕೂಡಿಸಿಕೊಂಡು ಹೇಳಿದ್ದು ಇಷ್ಟು: ಬಸ್ಸು ಸಾತಾರೆಯ ಹತ್ತಿರ ನಾಲ್ಕು ತಾಸು ಕೆಟ್ಟು ನಿಂತಿತು, ಫೋನು ಸತ್ತುಹೋಯಿತು, ಪನವೇಲಿನಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಿದ್ದರಿಂದ ಅಲ್ಲಿಯೇ ಇಳಿದು ಲೋಕಲ್ ರೈಲು ಹಿಡಿದರು.

“ಯಾರ ಕೈಯಾಗರ ಕಳಸಬೇಕಿತ್ರಿ. ನೀವ್ಯಾಕ?” ಎಂದೆ.

“ಯಾರ ಕೈಯಾಗ ಕೊಡ್ಲಿ ಮಾಸ್ತರ? ಗಂಟ ಕಂಡ್ರ ಎಲ್ಲಾರೂ ಬಿಚ್ಚಿ ನೋಡಾವ್ರ.” ಗಡಿಯಾರವನ್ನು ನೋಡಿದರು. “ನಡೀರಿ, ನಡೀರಿ. ಮಾತು ಊರಾಗ ಆಡೂಣು.”

ನಾವು ಒಳಗೆ ಹೋದೆವು. ತಪಾಸಣೆಯ ಮೇಜನ್ನು ದಾಟಿ ತಿರುಗಿ ನೋಡಿದಾಗ ದ್ವಾರದಲ್ಲಿ ಅವರಿರಲಿಲ್ಲ. ಹಡಗಿನೊಳಗೆ ಉದ್ದವಾದ ಓಣಿಯೊಂದರಲ್ಲಿ ಅಕ್ಕ ಗೋಡೆಯನ್ನು ಸವರುತ್ತ ಈ ತುದಿಯಿಂದ ಆ ತುದಿಗೆ ನಡೆದಳು. ತುದಿಯಲ್ಲಿ ನಿಂತು, ತಲೆಯನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಹೊರಳಿಸಿ, ಎಲ್ಲವನ್ನೂ ತುಂಡು ತುಂಡಾಗಿ ನೋಡಿಕೊಂಡಳು. “ಮೂರು ಮಾಳಗಿ ಅಂದಿದ್ರು. ಕಡಿಮಿ ಹೇಳ್ಯಾರ” ಎಂದಳು.

ಊರಿಗೆ ಮರಳಿದ ಮೇಲೆ ಓಣಿಯ ಜನ ಕೇಳಿದಾಗ ನಾನು ಬೇರೆಯೇ ಕತೆ ಹೇಳಿದೆ. ಅಕ್ಕ ಕಾರ್ಡನ್ನು ಗಂಟಿನಲ್ಲಿ ಕಟ್ಟಿ ಮರೆತುಬಂದಳು, ಕಾಕಾ ಹೇಗೋ ಕಳಿಸಿಕೊಟ್ಟರು ಎಂದೆ. ಮಕ್ಕಳ ಯಾದಿಗಳನ್ನು ತಿದ್ದಿ ಗೆರೆ ಎಳೆಯುತ್ತಿದ್ದ ಮಾಸ್ತರ ಹೂಂಗುಟ್ಟಿ ಮರೆತನೆಂದು ಹೇಳಿಕೊಳ್ಳಲು ನನ್ನಿಂದಾಗಲಿಲ್ಲ. ಜನ ಅಕ್ಕನನ್ನು ಗೇಲಿ ಮಾಡಿದರು. ಅವಳೂ ಜೊತೆಗೆ ನಕ್ಕಳು. ಒಂದು ದಿನ ಕಾಕಾ ಅವರ ಕಚೇರಿಯಲ್ಲಿಯೇ ಅದೇ ಕತೆಯನ್ನು ಹೇಳುತ್ತಿದ್ದೆ. ಅವರು ತಲೆ ತಗ್ಗಿಸಿ ಅಡರಕಟ್ಟಿಯ ಯಾರದೋ ಪ್ರಯಾಣವನ್ನು ಬರೆಯುತ್ತಿದ್ದರು. ಉಳಿದವರೆಲ್ಲ ಎದ್ದುಹೋದ ಮೇಲೆ, ಬರೆಯುವುದನ್ನು ನಿಲ್ಲಿಸದೆಯೇ ಕೇಳಿದರು.

“ಯಾದಿ ಬರದವ್ರು ನೀವಲ್ಲೇನ್ರಿ ಮಾಸ್ತರ?”

ನಾನು ಚಪ್ಪಲಿ ಮೆಟ್ಟಿ ಹೊರಬಿದ್ದೆ. ಅವರು ಮತ್ತೆಂದೂ ಆ ಮಾತನ್ನು ಎತ್ತಲಿಲ್ಲ.

ಹೋದ ಮಳೆಗಾಲದಲ್ಲಿ ಅವರು ಕಚೇರಿಯ ಕುರ್ಚಿಯಲ್ಲಿ ಕುಳಿತಿದ್ದಂತೆಯೇ ತೀರಿಕೊಂಡರು. ಎದೆನೋವು ಎಂದವರು ನೀರು ಬರುವವರೆಗೂ ಇರಲಿಲ್ಲವಂತೆ. ಮೂರನೆಯ ದಿನ ನಾನು ಅಕ್ಕನ ಕೈ ಹಿಡಿದುಕೊಂಡು ಅವರ ಮನೆಗೆ ಹೋದೆ. ಪಡಸಾಲೆಯ ತುಂಬ ಅವರು ಕಳಿಸಿಕೊಟ್ಟ ಪ್ರಯಾಣಿಕರೇ ಇದ್ದರು. ದುಃಖದ ಮನೆಯನ್ನು ಹಗುರಗೊಳಿಸಬೇಕೆಂದು ಯಾರೋ ಅಕ್ಕನ ಕಡೆಗೆ ಕೈಮಾಡಿ, “ಈ ಅಕ್ಕಾರು ಆಧಾರ ಕಾರ್ಡ ಊರಾಗ ಬಿಟ್ಟು ಹಡಗ ಹತ್ತಾಕ ಹೋಗಿದ್ರಂತ. ಅಂಥಾವ್ರನ್ನೂ ಕಾಕಾ ದಂಡಿಗೆ ಹಚ್ಚಿದ್ರು” ಎಂದರು. ನಾಲ್ಕು ಜನ ನಕ್ಕರು. ಅಕ್ಕ ನಗಲಿಲ್ಲ. ಅವಳ ಬೆರಳುಗಳು ನನ್ನ ಅಂಗೈಯಲ್ಲಿ ಹಾಗೆಯೇ ಇದ್ದವು.

“ಅಕ್ಕ ಮರತಿಲ್ಲ” ಎಂದೆ. “ನನಗ ಎರಡ ಸಲ ಹೇಳಿದ್ಲು. ಗಂಟ ಬಿಟ್ಟು ಹೋದಾಂವ ನಾನು. ಕಾಕಾರು ಅದನ್ನ ಯಾರ ಕೈಯಾಗೂ ಕಳಸಿದ್ದಿಲ್ಲ. ತಾವ ಹೊತ್ಕೊಂಡು ಮುಂಬೈಗೆ ಬಂದಿದ್ರು.”

ಒಳಬಾಗಿಲ ಹತ್ತಿರ ಕುಳಿತಿದ್ದ ಕಾಕಾ ಅವರ ಹೆಂಡತಿ ತಲೆ ಎತ್ತಿದರು.

“ಮುಂಬೈಗ?” ಎಂದರು. “ನಮಗ ಹುಬ್ಬಳ್ಳ್ಯಾಗ ಕೆಲಸ ಐತಿ ಅಂದ ಹೋಗಿದ್ರು. ಎರಡ ದಿನಾ ಬಿಟ್ಟ ಬಂದ್ರು.”

ಒಬ್ಬ ಗಿರಾಕಿಯ ತಪ್ಪನ್ನು ತಮ್ಮ ಮನೆಯವರ ಮುಂದೆಯೂ ಅವರು ಆಡಿರಲಿಲ್ಲ. ಆ ತಾಯಿ ನನ್ನ ಕಡೆಗೆ ತಿರುಗಿದರು. ಸಿಟ್ಟನ್ನು ನಿರೀಕ್ಷಿಸಿ ನಾನು ತಲೆ ತಗ್ಗಿಸಿದೆ.

“ಅಷ್ಟ ದೂರ ಹೋಗಿದ್ರ” ಎಂದರು. “ಅಲ್ಲೆ ಏನರ ಉಂಡಿದ್ರೇನ್ರಿ?”

ನಾನು ಕೇಳಿರಲಿಲ್ಲ.